ಸುಸಾನಾ ವೆಸ್ಲಿ

ಸುಸಾನಾ ವೆಸ್ಲಿ (1669–1742) ಮೆಥಡಿಸ್ಟ್ ಪಂಥಕ್ಕೆ ಕಾರಣರಾದ ಜಾನ್ ಮತ್ತು ಚಾರ್ಲ್ಸ್ ವೆಸ್ಲಿ ಸಹೋದರರ ತಾಯಿ. ಎಳೆಯ ಮಕ್ಕಳ ಪಾಲನೆಯನ್ನು ದೇವರು ಒಪ್ಪಿಸಿದ ಕರ್ತವ್ಯವೆಂದು ಭಾವಿಸಿ ಅದಕ್ಕೊಂದು ಪದ್ಧತಿ ರೂಪಿಸಿಕೊಂಡ ಕ್ರೈಸ್ತ ಗೃಹಿಣಿಯರಲ್ಲಿ ಈಕೆ ಪ್ರಮುಖಳು.

ಹುಟ್ಟಿದ್ದು ಲಂಡನ್ನಿನಲ್ಲಿ. ತಂದೆ ಸ್ಯಾಮ್ಯುಯೆಲ್ ಆ್ಯನ್‌ಸ್ಲಿ ಇಂಗ್ಲೆಂಡಿನ ಅಧಿಕೃತ ಸಭೆಯಿಂದ ಹೊರಗುಳಿದ ಬೋಧಕರಲ್ಲಿ ಹೆಸರಾಂತನಾಗಿದ್ದ. ಸುಸಾನಾ ಎಳೆವಯಸ್ಸಿನಲ್ಲೇ ಸ್ವಂತ ವಿಚಾರದಿಂದ ಅಧಿಕೃತ ಸಭೆಗೆ ಸೇರಿದಳು. 1688ರಲ್ಲಿ ಸ್ಯಾಮ್ಯುಯೆಲ್ ವೆಸ್ಲಿಯನ್ನು ಮದುವೆಯಾದಳು. ಮುಂದೆ ಲಿಂಕನ್‌ಶೈರಿನ ಎಪ್‌ವರ್ತ್ ಊರಿನ ಸಭಾಪಾಲಕನಾದ ಈತ ಕವಿ, ವಿದ್ವಾಂಸ. ಆದರೆ ಸಾಲ ಬೆನ್ನು ಬಿಡಲಿಲ್ಲ. 1705ರಲ್ಲಿ ಸಾಲಕ್ಕಾಗಿ ಜೈಲಿಗೂ ಹೋದ. ಹುಟ್ಟಿದ 19 ಮಕ್ಕಳಲ್ಲಿ ದೊಡ್ಡವರಾದವರು 10 ಮಂದಿ.

ದಾಂಪತ್ಯದಲ್ಲಿ ಬಿರುಕುಗಳಿದ್ದವು. ದೊರೆ ಮೂರನೆಯ ವಿಲಿಯಮ್‌ಗಾಗಿ ಗಂಡ ಮಾಡಿದ ಪ್ರಾರ್ಥನೆಗೆ ಸುಸಾನಾ ಆಮೆನ್ ಎನ್ನಲಿಲ್ಲ; ಆತನನ್ನು ನ್ಯಾಯವಾದ ದೊರೆಯೆಂದು ಆಕೆಯ ಮನಸ್ಸು ಒಪ್ಪಿರಲಿಲ್ಲ. ಸ್ಯಾಮ್ಯುಯೆಲ್ ಮುನಿಸಿಕೊಂಡು ಮನೆ ಬಿಟ್ಟು ಹೋದ. 1702ರಲ್ಲಿ ರಾಣಿ ಆ್ಯನ್ ಪಟ್ಟಕ್ಕೆ ಬಂದ ಮೇಲೆ ಇಬ್ಬರೂ ಒಂದಾದರು. ಮರುವರ್ಷ ಜಾನ್ ಹುಟ್ಟಿದ. ಗಂಡನ ಮಾತಿಗೆ ಮನ್ನಣೆ ಕೊಡುತ್ತಲೇ ಆತ್ಮಸಾಕ್ಷಿಯನ್ನು ಬಿಟ್ಟುಕೊಡದ ಈ ನಿಲುವು ಆಕೆಯ ಬದುಕಿನುದ್ದಕ್ಕೂ ಕಾಣುತ್ತದೆ.

ಮಕ್ಕಳನ್ನು ಬೆಳೆಸಿದ ಬಗೆಯನ್ನು ಸುಸಾನಾ 1732ರಲ್ಲಿ ಜಾನ್‌ಗೆ ಬರೆದ ದೀರ್ಘ ಪತ್ರದಲ್ಲಿ ವಿವರಿಸಿದ್ದಾಳೆ. ಮಾತು ಬಂದೊಡನೆ ಮಗುವಿಗೆ ಕರ್ತನ ಪ್ರಾರ್ಥನೆ ಕಲಿಸುತ್ತಿದ್ದಳು. ಬೆಳಿಗ್ಗೆ ಏಳುವಾಗ, ರಾತ್ರಿ ಮಲಗುವಾಗ ಮಕ್ಕಳು ಅದನ್ನು ಹೇಳಬೇಕು. ಐದು ವರ್ಷ ತುಂಬಿದ ಮೇಲೆ ಓದು. ಕಲಿಕೆ ಶುರುವಾಗುವ ಹಿಂದಿನ ದಿನವೇ ಮನೆಯವರೆಲ್ಲರಿಗೂ ಅವರವರ ಕೆಲಸ ಹಂಚಿ, ಮೊದಲ ದಿನ ಬೆಳಿಗ್ಗೆ 9ರಿಂದ 12, ಮಧ್ಯಾಹ್ನ 2ರಿಂದ 5ರವರೆಗೆ ಆ ಮಗುವಿನ ಕೋಣೆಗೆ ಯಾರೂ ಬಾರದಂತೆ ಏರ್ಪಾಡು. ಅಷ್ಟರಲ್ಲಿ ಅಕ್ಷರಮಾಲೆ ಮುಗಿಯಬೇಕು. ಇಬ್ಬರು ಹುಡುಗಿಯರಿಗೆ ಮಾತ್ರ ಒಂದೂವರೆ ದಿನ ಹಿಡಿಯಿತು. ನಂತರ ನೇರವಾಗಿ ಆದಿಕಾಂಡದ ಮೊದಲ ಅಧ್ಯಾಯ. ಚೆನ್ನಾಗಿ ಓದಲು ಬರುವ ತನಕ ಹೆಣ್ಣುಮಕ್ಕಳ ಕೈಗೆ ಹೊಲಿಗೆ ಕೊಡಬಾರದೆಂಬ ನಿಯಮ ಆ ಕಾಲಕ್ಕೆ ದೊಡ್ಡ ಮಾತೇ ಸರಿ.

ಶಿಸ್ತು ಕಟುವಾಗಿತ್ತು. ಒಂದು ವರ್ಷದ ಕೂಸು ಕೂಡ ಬೆತ್ತಕ್ಕೆ ಅಂಜಿ ಮೆಲ್ಲಗೆ ಅಳಬೇಕು. ಮಗುವಿನ ಹಟವನ್ನು ಮುರಿಯುವುದೇ ಧರ್ಮಶಿಕ್ಷಣದ ಬುನಾದಿ ಎಂದು ಆಕೆ ನಂಬಿದ್ದಳು. ಇದನ್ನು ಇಂದು ಒಪ್ಪಲಾಗದು. ಆದರೆ ಅದೇ ಪತ್ರದಲ್ಲಿ, ತಪ್ಪೊಪ್ಪಿಕೊಂಡು ತಿದ್ದಿಕೊಳ್ಳುವೆನೆಂದ ಮಗುವನ್ನು ಹೊಡೆಯಬಾರದು, ಒಂದೇ ತಪ್ಪಿಗೆ ಎರಡು ಸಲ ಶಿಕ್ಷಿಸಬಾರದು, ಕೊಟ್ಟ ಮಾತಿಗೆ ತಪ್ಪಬಾರದು ಎಂಬ ನಿಯಮಗಳೂ ಇವೆ.

1709ರ ಫೆಬ್ರುವರಿಯಲ್ಲಿ ಮನೆಗೆ ಬೆಂಕಿ ಬಿತ್ತು. ಐದು ವರ್ಷದ ಜಾನ್‌ನನ್ನು ಮಹಡಿಯ ಕಿಟಕಿಯಿಂದ ಇಳಿಸಿಕೊಂಡರು. ಮನೆ ಕಟ್ಟುವ ತನಕ ಬೇರೆ ಬೇರೆ ಮನೆಗಳಲ್ಲಿದ್ದ ಮಕ್ಕಳು ಹಳೆಯ ನಡವಳಿಕೆ ಮರೆತರು. ಸುಸಾನಾ ಮತ್ತೆ ತಿದ್ದಬೇಕಾಯಿತು.

1712ರ ಹೊತ್ತಿಗೆ ತಮಿಳುನಾಡಿನ ತರಂಗಂಬಾಡಿಯಲ್ಲಿ ಸೇವೆ ಸಲ್ಲಿಸುತ್ತಿದ್ದ ಡೇನಿಶ್ ಮಿಷನ್ನಿನ ಬೋಧಕರ ವೃತ್ತಾಂತ ಆಕೆಯ ಕೈಗೆ ಬಂತು. ಅದನ್ನೋದಿ ಮನಕರಗಿದ ಸುಸಾನಾ, ರಾತ್ರಿಗೊಬ್ಬರಂತೆ ಪ್ರತಿ ಮಗುವಿನೊಡನೆ ಏಕಾಂತದಲ್ಲಿ ಮಾತಾಡತೊಡಗಿದಳು. ಜಾನ್‌ನ ಪಾಳಿ ಗುರುವಾರ, ಚಾರ್ಲ್ಸ್‌ನದು ಶನಿವಾರ. ಆಕೆಯ ಪದ್ಧತಿಯಲ್ಲೆಲ್ಲ ಅತ್ಯಂತ ಆರ್ದ್ರವಾದ ಭಾಗವಿದು: ಆಕ್ಸ್‌ಫರ್ಡಿನಲ್ಲಿ ಅಧ್ಯಾಪಕನಾಗಿದ್ದಾಗಲೂ ಜಾನ್ ಆ ಗುರುವಾರದ ಸಂಜೆಗಳನ್ನು ನೆನೆದು, ಆ ಹೊತ್ತನ್ನು ತನಗಾಗಿ ಮತ್ತೆ ಮೀಸಲಿಡುವಂತೆ ತಾಯಿಗೆ ಬರೆದ.

ಅದೇ ಚಳಿಗಾಲದಲ್ಲಿ, ಗಂಡ ಲಂಡನ್ನಿನಲ್ಲಿದ್ದಾಗ, ಭಾನುವಾರ ಮಕ್ಕಳಿಗಾಗಿ ನಡೆಸುತ್ತಿದ್ದ ಪ್ರಾರ್ಥನೆ, ಪ್ರಸಂಗವಾಚನಕ್ಕೆ ನೆರೆಹೊರೆಯವರೂ ಸೇರಿ ಸುಮಾರು 200 ಜನರಾದರು. ಸಹಾಯಕ ಪಾದ್ರಿಯ ದೂರಿನಿಂದ ಗಂಡ ಆಕ್ಷೇಪಿಸಿದ. ನಿಲ್ಲಿಸಬೇಕಾದರೆ ಸ್ಪಷ್ಟವಾಗಿ ಆಜ್ಞಾಪಿಸಿ, ದೇವರ ಮುಂದೆ ಅದರ ಹೊಣೆ ತನ್ನ ಮೇಲೆ ಬಾರದಿರಲಿ ಎಂದು ಸುಸಾನಾ ಉತ್ತರಿಸಿದಳು.

1735ರಲ್ಲಿ ವಿಧವೆಯಾದ ಈಕೆ ಕೊನೆಗಾಲವನ್ನು ಲಂಡನ್ನಿನಲ್ಲಿ ಜಾನ್‌ನ ಬಳಿ ಕಳೆದಳು. 1742ರ ಜುಲೈನಲ್ಲಿ ತೀರಿಕೊಂಡಾಗ ಬನ್‌ಹಿಲ್ ಫೀಲ್ಡ್ಸ್ ಸ್ಮಶಾನದಲ್ಲಿ ಮಣ್ಣು ಮಾಡಿದರು. ಜಾನ್ ತಾಯಿಯ ಪತ್ರವನ್ನು ತನ್ನ ದಿನಚರಿಯಲ್ಲಿ ಸೇರಿಸಿ ಪ್ರಕಟಿಸಿದ್ದರಿಂದ ಅದು ಮೆಥಡಿಸ್ಟ್ ಕುಟುಂಬಗಳಲ್ಲಿ ಹರಡಿತು.