ಗುಂಗುರು ಕೂದಲಿಗೆ ಯಾರಿಟ್ಟ ಹೆಸರು? ಗಡಿನಾಡಿನಿಂದ ಒಂದು ನೋಟ

ನಾನು ಕಾಸರಗೋಡಿನ ಕಡೆಯವಳು, ಕನ್ನಡ ಎಂ.ಎ. ಓದುತ್ತಿದ್ದೇನೆ. ಗಡಿನಾಡಿನ ಗೋಷ್ಠಿಯಲ್ಲಿ ಕೂದಲಿನ ಮಾತು ಯಾಕೆ ಅಂತ ಅನ್ನಿಸಬಹುದು. ಇವತ್ತು ನನ್ನಂಥವರು '3ಎ', '3ಬಿ' ಅಂತ ತಮ್ಮ ಗುಂಗುರು ಕೂದಲನ್ನು ಪ್ರೀತಿಯಿಂದ ಗುರುತಿಸಿಕೊಳ್ಳುತ್ತಾರೆ. ಆದರೆ ಕೂದಲನ್ನು ವಿಂಗಡಿಸುವ ಕೆಲಸಕ್ಕೆ ಇನ್ನೊಂದು ಹಳೆಯ ಚರಿತ್ರೆ ಇದೆ. ಅಲ್ಲಿ ವಿಂಗಡಣೆಯಾದದ್ದು ಮನುಷ್ಯರು. ಆ ಚರಿತ್ರೆಯ ಒಂದು ಅಧ್ಯಾಯ ನಡೆದದ್ದು ನಮ್ಮ ಗಡಿನಾಡಿನಲ್ಲೇ.

ಮೊದಲು ಪದಗಳನ್ನು ನೋಡೋಣ. ಹಳಗನ್ನಡದಲ್ಲಿ 'ಕುರುಳ್' ಅಂದರೆ ಸುರುಳಿಗೂದಲು. 'ಮುಂಗುರುಳು' ಎಂಬ ಮಾತಿನಲ್ಲಿ ಅದು ಇನ್ನೂ ಬದುಕಿದೆ. ಸೊಲ್ಲಾಪುರ, ಜತ್ತದ ಕನ್ನಡಿಗರು ದಿನಾ ಕೇಳುವ ಮರಾಠಿಯಲ್ಲಿ ಗುಂಗುರು ಕೂದಲಿಗೆ 'ಕುರಳೆ ಕೇಸ' ಅನ್ನುತ್ತಾರೆ. ನಮ್ಮ ಕುರುಳಿನ ದನಿಯೇ ಅಲ್ಲಿ ಕೇಳುತ್ತದೆ. ನಮ್ಮ ಕಾಸರಗೋಡಿನಲ್ಲಿ ಮಲಯಾಳದ ಗೆಳತಿಯರು 'ಚುರುಂಡ ಮುಡಿ' ಅನ್ನುತ್ತಾರೆ, ಹೊಸೂರಿನ ಕಡೆ ತಮಿಳಿನಲ್ಲಿ 'ಸುರುಟ್ಟೈ ಮುಡಿ'. ಎರಡೂ ನಮ್ಮ 'ಸುರುಳಿ'ಯ ನೆಂಟರು. ಆದವಾನಿ, ರಾಯದುರ್ಗದ ಕಡೆಯ ತೆಲುಗಿನಲ್ಲಿ 'ಉಂಗರಾಲ ಜುಟ್ಟು', ಅಂದರೆ ಉಂಗುರದಂಥ ಕೂದಲು. ಗಡಿಯ ಎರಡೂ ಬದಿಯ ಈ ಪದಗಳು ಕೂದಲಿನ ಆಕಾರವನ್ನಷ್ಟೇ ಹೇಳುತ್ತವೆ. ಆ ಕೂದಲು ಹೊತ್ತವರ ಕುಲವನ್ನು ಹೇಳುವುದಿಲ್ಲ.

ಕುಲ ಹೇಳಲು ಹೊರಟದ್ದು ಹತ್ತೊಂಬತ್ತನೆಯ ಶತಮಾನದ ಯುರೋಪಿನ ಜನಾಂಗಶಾಸ್ತ್ರ. 1820ರ ದಶಕದಲ್ಲಿ ಫ್ರಾನ್ಸಿನ ಬೋರಿ ದ ಸೈಂಟ್ ವಿನ್ಸೆಂಟ್ ಮನುಷ್ಯಕುಲವನ್ನೇ ನೇರ ಕೂದಲಿನವರು, ಉಣ್ಣೆಗೂದಲಿನವರು ಅಂತ ಎರಡು ಪಾಲು ಮಾಡಿದ. ಇಂಗ್ಲೆಂಡಿನ ಥಾಮಸ್ ಹಕ್ಸ್‌ಲಿ 1860ರ ದಶಕದಲ್ಲಿ ಅದೇ ವಿಂಗಡಣೆಯನ್ನು ಎತ್ತಿಕೊಂಡ.

ಈ ಅಳತೆಗೋಲು ನಮ್ಮ ಕಡೆ ಬಂದದ್ದು ಎಡ್ಗರ್ ಥರ್ಸ್ಟನ್ ಕಾಲದಲ್ಲಿ. ಆತ ಮದರಾಸಿನ ಸರ್ಕಾರಿ ಮ್ಯೂಸಿಯಮ್ಮಿನ ಮುಖ್ಯಸ್ಥ. ಕೆ. ರಂಗಾಚಾರಿಯವರ ನೆರವಿನಿಂದ 1909ರಲ್ಲಿ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಬಗ್ಗೆ ಏಳು ಸಂಪುಟ ಪ್ರಕಟಿಸಿದ. ನಮ್ಮ ಗೋಷ್ಠಿಯ ನಕ್ಷೆಯನ್ನು ಒಮ್ಮೆ ನೆನಪು ಮಾಡಿಕೊಳ್ಳಿ: ಕಾಸರಗೋಡು, ವಯನಾಡು, ನೀಲಗಿರಿ, ಹೊಸೂರು, ಆದವಾನಿ, ರಾಯದುರ್ಗ, ಮಡಕಶಿರಾ, ಎಲ್ಲವೂ ಆಗ ಮದರಾಸು ಪ್ರೆಸಿಡೆನ್ಸಿಯಲ್ಲಿದ್ದವು. ಅಂದರೆ ಇವತ್ತು ಬೇರೆ ಬೇರೆ ರಾಜ್ಯಗಳಲ್ಲಿ ಹಂಚಿಹೋಗಿರುವ ನಾವು ಆಗ ಒಂದೇ ಅಳತೆಪಟ್ಟಿಯ ಕೆಳಗೆ ಇದ್ದೆವು. ಮೂಗು, ತಲೆ, ಎತ್ತರ ಅಳೆದ ಹಾಗೆಯೇ ಕೂದಲೂ ದಾಖಲಾಗುತ್ತಿತ್ತು.

ವಯನಾಡಿನ ಪಣಿಯರ ವಿಷಯ ನೋಡಿ. ಥರ್ಸ್ಟನ್ ಅವರನ್ನು ಪರಿಚಯಿಸುವುದೇ ಕಪ್ಪು ಬಣ್ಣ, ಗಿಡ್ಡ ಮೈಕಟ್ಟು, ಅಗಲ ಮೂಗು, ಗುಂಗುರು ಕೂದಲಿನಿಂದ. ಇವರು ಆಫ್ರಿಕಾದಿಂದ ಬಂದವರು, ಮಲಬಾರಿನ ಕರಾವಳಿಯಲ್ಲಿ ಹಡಗು ಒಡೆದು ಇಲ್ಲಿ ಉಳಿದವರು ಎಂಬ ಕಥೆ ಬಿಳಿಯ ತೋಟದ ಮಾಲೀಕರಲ್ಲಿ ಚಾಲ್ತಿಯಲ್ಲಿತ್ತು ಅಂತಲೂ ಬರೆಯುತ್ತಾನೆ. ಈ ಕಥೆಗೆ ಆಧಾರ ಏನು? ಅವರ ಚಹರೆ, ಅಷ್ಟೇ. ಪಣಿಯರ ಮಾತು ದ್ರಾವಿಡ ಭಾಷೆ ಎಂಬುದನ್ನು ಆ ಮಾಲೀಕರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅದೇ ಕಾಲಕ್ಕೆ ಪಣಿಯರು ಅಲ್ಲಿನ ಗದ್ದೆಗಳಲ್ಲಿ ಜೀತದಾಳುಗಳು. ವಳ್ಳಿಯೂರ್‌ಕಾವಿನ ಉತ್ಸವದ ಹೊತ್ತಿಗೆ ಅವರನ್ನು ವರ್ಷದ ದುಡಿಮೆಗೆ ಗೊತ್ತು ಮಾಡಿಕೊಳ್ಳುತ್ತಿದ್ದರು. ಜೀತಪದ್ಧತಿ ನಿಷೇಧದ ಕಾನೂನು ಬಂದದ್ದು 1976ರಲ್ಲಿ. ಯಾರ ಬೆವರಿನಿಂದ ಗದ್ದೆ ಬೆಳೆಯಿತೋ ಅವರನ್ನೇ 'ಹೊರಗಿನವರು' ಅನ್ನಲು ಗುಂಗುರು ಕೂದಲು ಸಾಕ್ಷಿಯಾಯಿತು.

ಇದು ಇಲ್ಲಿಗಷ್ಟೇ ಸೀಮಿತವಲ್ಲ. 1950ರಲ್ಲಿ ಜನರನ್ನು ಬಣ್ಣದ ಮೇಲೆ ನೋಂದಾಯಿಸುವ ಕಾನೂನು ಬಂದ ಮೇಲೆ ದಕ್ಷಿಣ ಆಫ್ರಿಕಾದಲ್ಲಿ ಕೂದಲಿಗೆ ಪೆನ್ಸಿಲ್ ಸಿಕ್ಕಿಸಿ ನೋಡುತ್ತಿದ್ದರು. ಪೆನ್ಸಿಲ್ ಜಾರಿ ಬಿತ್ತೋ, ನಿಂತಿತೋ ಎಂಬುದರ ಮೇಲೆ ಒಬ್ಬರ ಬದುಕು ತೀರ್ಮಾನವಾಗಬಹುದಿತ್ತು.

ಇನ್ನು ಈಗಿನ ಅಂಕಿಗಳು. 1990ರ ದಶಕದಲ್ಲಿ ಓಪ್ರಾ ವಿನ್‌ಫ್ರೇ ಅವರ ಕೇಶ ವಿನ್ಯಾಸಕ ಆಂಡ್ರೆ ವಾಕರ್ ಈ ಪಟ್ಟಿ ಮಾಡಿದರು: 1 ನೇರ, 2 ಅಲೆ, 3 ಗುಂಗುರು, 4 ಬಿಗಿಯಾದ ಗುಂಗುರು. ಅವರ ಉದ್ದೇಶ ಕೂದಲಿನ ಆರೈಕೆ. 2001ರಲ್ಲಿ ಬಂದ ಲೊರೇನ್ ಮ್ಯಾಸಿಯವರ 'ಕರ್ಲಿ ಗರ್ಲ್' ಪುಸ್ತಕ ಗುಂಗುರನ್ನು ನೇರ ಮಾಡಬೇಡಿ, ಹಾಗೇ ಬೆಳೆಯಲು ಬಿಡಿ ಅಂದಿತು. ಈ ಅಂಕಿಗಳು ಥರ್ಸ್ಟನ್ನನ ಅಳತೆಗೋಲಿನಿಂದ ಹುಟ್ಟಿದವಲ್ಲ. ಆದರೂ ನೇರ ಕೂದಲು ಮೊದಲು, ಬಿಗಿ ಗುಂಗುರು ಕೊನೆಗೆ ಎಂಬ ಸಾಲು ನೋಡಿದರೆ ಹಳೆಯ ಮೇಲು ಕೀಳು ನೆನಪಾಗದೆ ಇರುವುದಿಲ್ಲ.

ಹಾಗಾದರೆ ಅಂಕಿ ಬೇಡವೇ? ಬೇಕು, ಅದರ ಕೆಲಸದಷ್ಟಕ್ಕೆ. ತಲೆ ತೊಳೆದು, ಏನೂ ಹಚ್ಚದೆ, ಬಾಚದೆ ಒಣಗಲು ಬಿಡಿ. ಎಳೆ ಸಡಿಲವಾಗಿ ಬಳುಕಿದರೆ 2, ಉಂಗುರವಾದರೆ 3, ಸಣ್ಣ ಬಿಗಿ ಸುರುಳಿಯೋ ಅಂಕುಡೊಂಕೋ ಆದರೆ 4. ಒಂದೇ ತಲೆಯಲ್ಲಿ ಎರಡು ಮೂರು ಬಗೆ ಇರುವುದು ಸಾಮಾನ್ಯ. ನನಗೆ ಹಿಂದುಗಡೆ ಅಲೆ, ಕಿವಿಯ ಪಕ್ಕ ಉಂಗುರ. ಚರ್ಮದೊಳಗೆ ಕೂದಲಿನ ಬುಡ ಬಾಗಿರುವುದರಿಂದ ಎಳೆಯೂ ಸುರುಳಿಯಾಗುತ್ತದೆ. ನೆತ್ತಿಯ ಜಿಡ್ಡು ಆ ತಿರುವುಗಳಲ್ಲಿ ತುದಿಯವರೆಗೆ ಸುಲಭವಾಗಿ ಇಳಿಯುವುದಿಲ್ಲ, ಅದಕ್ಕೇ ತುದಿ ಒಣಗುತ್ತದೆ. ಒಣಗಿದ ಮೇಲೆ ಬಾಚಿದರೆ ಕೆದರುತ್ತದೆ. ಒದ್ದೆ ಇರುವಾಗಲೇ ಅಗಲ ಹಲ್ಲಿನ ಬಾಚಣಿಗೆ ಹಿಡಿದರೆ ಮಾತು ಕೇಳುತ್ತದೆ. ಕರಾವಳಿಯ ಮಳೆಗಾಲದಲ್ಲಿ ಗಾಳಿಯ ತೇವ ಹೀರಿ ಉಬ್ಬುವುದೂ ಕೂದಲಿನ ಗುಣವೇ, ಕೊರತೆಯಲ್ಲ.

ಶಾಲೆಯಲ್ಲಿ ನನ್ನ ಕೂದಲು ನೋಡಿ "ಕಾಡಿನಿಂದ ಬಂದವಳ ಹಾಗಿದ್ದಿ" ಅಂದವರಿದ್ದರು. ಮದುವೆ ಮನೆಗಳಲ್ಲಿ "ಒಂದು ಸಲ ಸ್ಟ್ರೈಟ್ ಮಾಡಿಸು ಮಾರಾಯ್ತಿ" ಅನ್ನುವ ನೆಂಟರು ಈಗಲೂ ಇದ್ದಾರೆ. ಎರಡನೆಯ ಮಾತಿಗೆ ನಕ್ಕು ಸುಮ್ಮನಿರಬಹುದು. ಮೊದಲನೆಯದು ನನಗಿಂತ ಹೆಚ್ಚಾಗಿ ಕಾಡಿನ ಜನರಿಗೆ ಮಾಡಿದ ಅವಮಾನ. "ನಾನು ಕಾಡಿನವಳಲ್ಲ" ಅಂತ ಉತ್ತರ ಕೊಟ್ಟರೆ ನಾನೂ ಅದೇ ಅಳತೆಗೋಲನ್ನು ಕೈಗೆತ್ತಿಕೊಂಡ ಹಾಗೆ.

ಆದ್ದರಿಂದ ಗುಂಗುರನ್ನು ಒಪ್ಪಿಕೊಳ್ಳುವುದು ಕನ್ನಡಿಯ ಮುಂದೆ ಮುಗಿಯುವ ಕೆಲಸವಲ್ಲ ಅಂತ ನನಗೆ ಅನ್ನಿಸುತ್ತದೆ. ಅಂಕಿ ನೋಡಿ ಎಣ್ಣೆ, ನೀರು, ಬಾಚಣಿಗೆ ಆರಿಸಿಕೊಳ್ಳೋಣ. ಮನುಷ್ಯರನ್ನು ಆರಿಸುವುದಕ್ಕೆ ಮಾತ್ರ ಅದು ಬೇಡ. ಕುರುಳು, ಸುರುಳಿ, ಉಂಗುರ ಎಂಬ ನಮ್ಮ ಗಡಿನಾಡಿನ ಮಾತುಗಳಿಗೆ ಅಷ್ಟು ವಿವೇಕ ಮೊದಲೇ ಇತ್ತು.