ಎಡಬಲ ಹರಳುಗಳ ವೃತ್ತಾಂತ

ದ್ರಾಕ್ಷಾರಸವು ಹುಳಿತು ಮದ್ಯವಾಗುವಾಗ ಪೀಪಾಯಿಯ ಒಳಮೈಗೆ ಗಟ್ಟಿಯಾದ ಕಿಟ್ಟವೊಂದು ಹತ್ತಿಕೊಳ್ಳುವುದು. ಟಾರ್ಟಾರಿಕ್ ಆಮ್ಲವು ದೊರೆಯುವುದು ಇದರಿಂದಲೇ. ಒಂದೇ ತಲದಲ್ಲಿ ಕಂಪಿಸುವಂತೆ ಮಾಡಿದ ಬೆಳಕನ್ನು ಈ ಆಮ್ಲದ ದ್ರಾವಣದ ಮೂಲಕ ಹಾಯಿಸಿದರೆ ಆ ತಲವು ಬಲಕ್ಕೆ ತಿರುಗುವುದು. ಅದೇ ಪೀಪಾಯಿಗಳಲ್ಲಿ ಒಮ್ಮೊಮ್ಮೆ ಸಿಕ್ಕುವ ರೆಸಿಮಿಕ್ ಆಮ್ಲವಾದರೋ, ಘಟಕಗಳಲ್ಲಿ ಇದಕ್ಕೆ ಸರಿಸಮಾನವಾಗಿದ್ದರೂ ಬೆಳಕನ್ನು ಯಾವ ಕಡೆಗೂ ತಿರುಗಿಸದು. ಇವೆರಡರ ಸೋಡಿಯಂ ಅಮೋನಿಯಂ ಲವಣಗಳ ಹರಳುಗಳು ಆಕಾರದಲ್ಲಿಯೂ ಒಂದೇ ಎಂದು 1844ರಲ್ಲಿ ಮಿಟ್ಷರ್ಲಿಖ್ ಎಂಬ ಜರ್ಮನ್ ಪಂಡಿತನು ಸಾರಿದನು.

ಪಂಡಿತನ ಮಾತೆಂದು ಸುಮ್ಮನಿರದೆ, 1848ರಲ್ಲಿ, 25 ವರ್ಷದ ಲೂಯಿ ಪಾಶ್ಚರನು ಪ್ಯಾರಿಸಿನಲ್ಲಿ ಆ ಹರಳುಗಳನ್ನು ಒಂದೊಂದಾಗಿ ನೋಡಿದನು. ರೆಸಿಮಿಕ್ ಲವಣದ ಹರಳುಗಳ ಕಿರುಮುಖವು ಕೆಲವುಗಳಲ್ಲಿ ಬಲಕ್ಕೂ ಕೆಲವುಗಳಲ್ಲಿ ಎಡಕ್ಕೂ ಇದ್ದಿತು. ಮನುಷ್ಯನ ಎರಡು ಕೈಗಳಂತೆ ಒಂದು ಮತ್ತೊಂದರ ಕನ್ನಡಿಯ ಬಿಂಬ. ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಆರಿಸಿ, ಎರಡು ರಾಶಿ ಮಾಡಿ, ಬೇರೆ ಬೇರೆಯಾಗಿ ಕರಗಿಸಿದನು. ಒಂದು ಬೆಳಕನ್ನು ಬಲಕ್ಕೆ ತಿರುಗಿಸಿತು, ಇನ್ನೊಂದು ಎಡಕ್ಕೆ. ಹವೆಯೂ ಅನುಕೂಲಿಸಿತೆನ್ನಬೇಕು: ಸುಮಾರು 27 ಡಿಗ್ರಿ ಸೆಂಟಿಗ್ರೇಡಿಗಿಂತ ಬೆಚ್ಚಗಿದ್ದರೆ ಈ ಲವಣವು ಹೀಗೆ ಎರಡಾಗಿ ಹರಳುಗಟ್ಟದು.

ವೃದ್ಧನಾದ ಬಿಯೋ ಇದನ್ನು ಸುಲಭವಾಗಿ ನಂಬಲಿಲ್ಲ. ಪಾಶ್ಚರನನ್ನು ಕರೆಸಿ, ತಾನೇ ಕೊಟ್ಟ ಆಮ್ಲದಿಂದ ತನ್ನೆದುರಿನಲ್ಲಿಯೇ ಲವಣವನ್ನು ಮಾಡಿಸಿ, ದ್ರಾವಣವನ್ನು ತನ್ನಲ್ಲಿಯೇ ಇರಿಸಿಕೊಂಡನು. ಹರಳು ಮೂಡಿದ ಮೇಲೆ ಆರಿಸುವುದು ಪಾಶ್ಚರನ ಪಾಲು, ಅಳೆಯುವುದು ಬಿಯೋನ ಪಾಲು. ಎಡದ ರಾಶಿಯನ್ನೇ ಮೊದಲು ಪರೀಕ್ಷಿಸಿದ ಮುದುಕನು ಫಲವನ್ನು ಕಂಡು ತರುಣನ ಕೈ ಹಿಡಿದುಕೊಂಡನಂತೆ. ಹೊಗಳುವ ಮೊದಲು ಪರೀಕ್ಷಿಸುವ ಇಂತಹ ಹಿರಿಯನು ದೊರೆತುದು ಪಾಶ್ಚರನ ಪುಣ್ಯ.

ಈ ಎಡಬಲದ ಭೇದಕ್ಕೆ ಶತಮಾನದ ಮೇಲೆ ಹೊಸದೊಂದು ಪ್ರಯೋಜನವು ಒದಗಿತು. 1961ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಫ್ರಾಂಕೆನ್ ಮತ್ತು ಸಂಗಡಿಗರು ಮಾಣಿಕ್ಯ ಲೇಸರಿನ ಕೆಂಪು ಬೆಳಕನ್ನು ಬೆಣಚುಕಲ್ಲಿನ ಹರಳಿಗೆ ಹಾಯಿಸಿದರು. ಒಳಹೊಕ್ಕ ಬೆಳಕಿನ ತರಂಗದೈರ್ಘ್ಯ 6943 ಆಂಗ್‌ಸ್ಟ್ರಾಂ. ಹೊರಬಂದ ಬೆಳಕಿನ ಅತ್ಯಲ್ಪ ಭಾಗದ್ದು ಅದರ ಅರ್ಧ. ಛಾಯಾಪಟದಲ್ಲಿ ಅದರ ಗುರುತಾದ ಚುಕ್ಕೆಯು ಎಷ್ಟು ಮಸುಕಾಗಿದ್ದಿತೆಂದರೆ, ಪತ್ರಿಕೆಯವರು ಕೊಳೆಯೆಂದು ಭಾವಿಸಿ ಅದನ್ನು ಅಳಿಸಿಯೇ ಅಚ್ಚುಹಾಕಿದರು! ಸಮಮಿತಿಯ ಕೇಂದ್ರವುಳ್ಳ ಹರಳಿನಲ್ಲಿ ಈ ಪರಿವರ್ತನೆಯು ನಡೆಯದು. ಒಂದೇ ಕೈಯ ಅಣುಗಳಿಂದಾದ ಹರಳಿಗೆ ಅಂತಹ ಕೇಂದ್ರವು ಇರುವಂತಿಲ್ಲವಷ್ಟೆ. ಜೀವಿಗಳ ಸಸಾರಜನಕದಲ್ಲಿರುವ ಎಡಗೈಯ ಆರ್ಜಿನೀನಿನಿಂದ 1983ರಲ್ಲಿ ಚೀನದ ಷಾಂಡಾಂಗ್ ವಿದ್ವಾಂಸರು ಫಾಸ್ಫೇಟ್ ಹರಳನ್ನು ಬೆಳೆಸಿದುದು ಈ ಕಾರಣದಿಂದಲೇ. ಸಂತೃಪ್ತ ದ್ರಾವಣದಲ್ಲಿ ಬೀಜದ ಹರಳನ್ನು ಇಳಿಬಿಟ್ಟು, ವಾರಗಟ್ಟಲೆ ಮೆಲ್ಲಮೆಲ್ಲನೆ ತಣಿಸಬೇಕು. ಅವಸರಪಟ್ಟರೆ ಬಿರುಕುಬಿಟ್ಟ, ಮಂಕಾದ ಹರಳುಗಳೇ ಗತಿ. ಎಡಬಲದ ಅಣುಗಳು ಸಮಸಮವಾಗಿ ಕೂಡಿ ಒಂದೇ ಹರಳಾದರೆ ಬಹುಮಟ್ಟಿಗೆ ಕೇಂದ್ರವು ಮರಳಿ ಬಂದು, ಆ ಗುಣವು ಮಾಯವಾಗುವುದು.