ನ್ಯಾಯಪೀಠದ ಮುಂದೆ ಮಹಿಳೆ: ಖೌಲಾ(ರ)ರ ದೂರಿನಿಂದ ಸುಪ್ರೀಂ ಕೋರ್ಟಿನ ಕೈಪಿಡಿಯವರೆಗೆ

ಮದೀನಾದ ಖೌಲಾ ಬಿಂತ್ ಸಅಲಬಾ(ರ) ಎಂಬ ಮಹಿಳೆ ಪ್ರವಾದಿ ಮುಹಮ್ಮದ್(ಸ)ರ ಸನ್ನಿಧಿಗೆ ಬಂದು ತಮ್ಮ ಪತಿಯ ಮೇಲೆ ದೂರಿತ್ತರು. ಪತ್ನಿಯನ್ನು ತಾಯಿಯ ಬೆನ್ನಿಗೆ ಹೋಲಿಸಿ ದೂರವಿಡುವ 'ಝಿಹಾರ್' ಎಂಬ ಪದ್ಧತಿ ಅಂದಿನ ಅರಬರಲ್ಲಿತ್ತು. ಅದಕ್ಕೆ ಒಳಗಾದ ಮಹಿಳೆಗೆ ದಾಂಪತ್ಯವೂ ಇರುತ್ತಿರಲಿಲ್ಲ, ಬಿಡುಗಡೆಯೂ ಇರುತ್ತಿರಲಿಲ್ಲ. ಖೌಲಾ(ರ) ಸುಮ್ಮನಾಗಲಿಲ್ಲ. ತಮ್ಮ ಅಹವಾಲನ್ನು ಮತ್ತೆ ಮತ್ತೆ ಮಂಡಿಸಿದರು. ಆ ವಾದಕ್ಕೆ ಉತ್ತರವಾಗಿ ಅವತೀರ್ಣವಾದ ಪವಿತ್ರ ಕುರ್‌ಆನಿನ 58ನೇ ಅಧ್ಯಾಯಕ್ಕೆ 'ವಾದಿಸಿದವಳು' ಎಂಬ ಅರ್ಥದ ಹೆಸರೇ ನಿಂತಿತು. ಮುಂದೆ ಖಲೀಫ ಉಮರ್(ರ)ರು ದಾರಿಯಲ್ಲಿ ನಿಂತು ಇದೇ ವೃದ್ಧೆಯ ಮಾತನ್ನು ದೀರ್ಘಕಾಲ ಆಲಿಸಿದರೆಂದೂ, ಅಲ್ಲಾಹನೇ ಆಲಿಸಿದ ಧ್ವನಿಯನ್ನು ತಾನು ಆಲಿಸದಿರಲಾದೀತೇ ಎಂಬರ್ಥದಲ್ಲಿ ಸಂಗಡಿಗರಿಗೆ ಉತ್ತರಿಸಿದರೆಂದೂ ವರದಿಗಳಿವೆ.

ದೂರಿತ್ತ ಮಹಿಳೆಯ ಮಾತನ್ನು ಪೂರ್ವಗ್ರಹವಿಲ್ಲದೆ ಆಲಿಸುವುದು ನ್ಯಾಯದಾನದ ಮೊದಲ ಹೆಜ್ಜೆ. ಮೈಸೂರಿನ ಉದಯಗಿರಿಯಂತಹ ಬಡಾವಣೆಯಲ್ಲಿ ವಾಸಿಸುವ ನಮಗೆ ಇದು ಹಳೆಯ ಕಾಲದ ಪ್ರಶ್ನೆಯಲ್ಲ. ಜೀವನಾಂಶ, ಮಹರ್, ಮಕ್ಕಳ ಪಾಲನೆ, ತವರಿನ ಆಸ್ತಿಯ ಪಾಲು ಮುಂತಾದ ವಿಚಾರಗಳಿಗಾಗಿ ನ್ಯಾಯಾಲಯದ ಮೆಟ್ಟಿಲೇರುವ ಸಹೋದರಿ ಎರಡು ಅಳುಕುಗಳನ್ನು ಹೊತ್ತೇ ಹೋಗುತ್ತಾಳೆ. ಹೆಣ್ಣೆಂದು ತನ್ನ ಮಾತು ಹಗುರವಾಗುವುದೇ ಎಂಬುದು ಒಂದು. ಮುಸ್ಲಿಮಳೆಂದು ತನ್ನನ್ನು ಬೇರೆ ಕಣ್ಣಿನಿಂದ ನೋಡುವರೇ ಎಂಬುದು ಇನ್ನೊಂದು. ಈ ಅಳುಕನ್ನು ಕಳೆಯಲು ನಡೆದ ಪ್ರಯತ್ನಗಳ ಇತಿಹಾಸವನ್ನು ನಮ್ಮ ಕುಟುಂಬಗಳು ತಿಳಿದಿರುವುದು ಒಳಿತು.

ಒಂದು ಕಾಲದಲ್ಲಿ ನ್ಯಾಯಾಲಯದಲ್ಲಿ ಮಹಿಳೆಯ ಪರವಾಗಿ ವಾದಿಸಲು ಇನ್ನೊಬ್ಬ ಮಹಿಳೆಗೆ ಅವಕಾಶವೇ ಇರಲಿಲ್ಲ. ಕಾನೂನು ಪದವಿ ಪಡೆದ ರೆಜೀನಾ ಗುಹಾರ ಅರ್ಜಿಯನ್ನು ಕಲ್ಕತ್ತಾ ಹೈಕೋರ್ಟ್ 1916ರಲ್ಲಿ ತಿರಸ್ಕರಿಸಿತು. 1923ರ ಮಹಿಳಾ ಕಾನೂನು ವೃತ್ತಿನಿರತರ ಕಾಯ್ದೆ ಬ್ರಿಟಿಷ್ ಇಂಡಿಯಾದಲ್ಲಿ ಆ ತಡೆಯನ್ನು ತೆಗೆಯಿತು. ನಮ್ಮ ಮೈಸೂರು ಸಂಸ್ಥಾನವು 1933ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಹಿಂದೂ ಕಾನೂನು ಮಹಿಳೆಯರ ಹಕ್ಕುಗಳ ಕಾಯ್ದೆಯನ್ನು ಜಾರಿಗೆ ತಂದು ಅವಿಭಕ್ತ ಕುಟುಂಬ ಪಾಲಾಗುವಾಗ ಮಹಿಳೆಯರಿಗೂ ಪಾಲು ದೊರೆಯುವಂತೆ ಮಾಡಿತು. ವಿಧವೆಯರ ಆಸ್ತಿ ಹಕ್ಕಿನ ಬಗ್ಗೆ ಬ್ರಿಟಿಷ್ ಇಂಡಿಯಾದಲ್ಲಿ ಕಾನೂನು ಬಂದದ್ದು 1937ರಲ್ಲಿ. ಆಗ ಮೈಸೂರಿನ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್ ಎಂಬುದನ್ನು ಇಲ್ಲಿ ನೆನೆಯಬೇಕು.

ಅದೇ ದಶಕದಲ್ಲಿ ಮುಸ್ಲಿಮ್ ಮಹಿಳೆಯರ ಸಂಕಷ್ಟವೂ ಚರ್ಚೆಗೆ ಬಂತು. ಪತಿ ಕಣ್ಮರೆಯಾದರೆ ಪತ್ನಿ ಜೀವಮಾನವಿಡೀ ಕಾಯಬೇಕಾದ ಸ್ಥಿತಿ ಹನಫಿ ಕರ್ಮಶಾಸ್ತ್ರದ ರೂಢಿಯಲ್ಲಿತ್ತು. ಮೌಲಾನಾ ಅಶ್ರಫ್ ಅಲಿ ಥಾನವಿಯವರಂತಹ ವಿದ್ವಾಂಸರು ಈ ಕಷ್ಟವನ್ನು ಮನಗಂಡು ಮಾಲಿಕಿ ಮದ್‌ಹಬಿನ ನಿಲುವನ್ನು ಸ್ವೀಕರಿಸಬಹುದೆಂದು ಪ್ರತಿಪಾದಿಸಿದರು. 1939ರ ಮುಸ್ಲಿಮ್ ವಿವಾಹ ವಿಸರ್ಜನಾ ಕಾಯ್ದೆಯ ಹಿಂದೆ ಈ ಚಿಂತನೆಯಿದೆ. ಪತಿ 4 ವರ್ಷ ಕಾಣೆಯಾಗಿದ್ದರೆ ಅಥವಾ 2 ವರ್ಷ ಜೀವನಾಂಶ ಕೊಡದಿದ್ದರೆ ಪತ್ನಿ ನ್ಯಾಯಾಲಯದಿಂದ ಬಿಡುಗಡೆ ಪಡೆಯಬಹುದು ಎಂದು ಆ ಕಾಯ್ದೆ ಹೇಳಿತು. ಸುಧಾರಣೆಯೆಂದರೆ ಹೊರಗಿನವರು ಹೇರಿದ್ದು ಎಂದು ಭಾವಿಸುವವರಿಗೆ ಈ ಅಧ್ಯಾಯವನ್ನು ನಾವು ತೋರಿಸಬೇಕಾಗಿದೆ.

ನ್ಯಾಯಪೀಠದ ಮೇಲೆ ಮಹಿಳೆ ಕುಳಿತುಕೊಳ್ಳುವ ವಿಚಾರದಲ್ಲಿಯೂ ನಮ್ಮ ಪರಂಪರೆ ಮೌನವಾಗಿಲ್ಲ. ಮಹಿಳೆಯ ಸಾಕ್ಷ್ಯ ಸ್ವೀಕಾರಾರ್ಹವಾಗುವ ವ್ಯಾಜ್ಯಗಳಲ್ಲಿ ಆಕೆಯ ತೀರ್ಪೂ ಸಿಂಧುವೆಂದು ಹನಫಿ ವಿದ್ವಾಂಸರು ಹೇಳಿದರೆ, ಇಮಾಮ್ ತಬರಿಯವರು ಎಲ್ಲ ವ್ಯಾಜ್ಯಗಳಲ್ಲಿಯೂ ಅದನ್ನು ಒಪ್ಪಿದರೆಂದು ದಾಖಲಾಗಿದೆ. ಹಿಜರಿ 306ರಲ್ಲಿ, ಖಲೀಫ ಅಲ್ ಮುಕ್ತದಿರ್‌ನ ಕಾಲದ ಬಗ್ದಾದಿನಲ್ಲಿ, ಆತನ ತಾಯಿ ಸುಮಲ್ ಎಂಬ ಮಹಿಳೆಯನ್ನು ಪ್ರಜೆಗಳ ಅಹವಾಲು ಕೇಳುವ ಪೀಠಕ್ಕೆ ನೇಮಿಸಿದರು. ಜನರು ಮೊದಮೊದಲು ಹಿಂಜರಿದರೂ ಬಳಿಕ ಅದಕ್ಕೆ ಒಗ್ಗಿಕೊಂಡರು. ನಮ್ಮ ದೇಶದಲ್ಲಿ ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿಯಾದವರು ಕೇರಳದ ಪತ್ತನಂತಿಟ್ಟದ ಎಂ. ಫಾತಿಮಾ ಬೀವಿ. 1950ರಲ್ಲಿ ವಕೀಲೆಯಾಗಿ, 1958ರಲ್ಲಿ ಮುನ್ಸಿಫ್ ಆಗಿ, 1983ರಲ್ಲಿ ಕೇರಳ ಹೈಕೋರ್ಟಿಗೆ ಏರಿ, 1989ರ ಅಕ್ಟೋಬರ್ 6ರಂದು ಅವರು ಸುಪ್ರೀಂ ಕೋರ್ಟಿನಲ್ಲಿ ಪ್ರಮಾಣವಚನ ಸ್ವೀಕರಿಸಿದರು. ಕರ್ನಾಟಕ ಹೈಕೋರ್ಟಿಗೆ ಮೊದಲ ಮಹಿಳಾ ನ್ಯಾಯಮೂರ್ತಿ ಬಂದದ್ದು 2000ದಲ್ಲಿ. ಅವರು ಬಳ್ಳಾರಿಯ ಮಂಜುಳಾ ಚೆಲ್ಲೂರ್.

ಪೀಠದ ಮೇಲೆ ಮಹಿಳೆಯರು ಬಂದ ಮಾತ್ರಕ್ಕೆ ಪೀಠದ ಭಾಷೆ ಬದಲಾಗಲಿಲ್ಲ. ಪೊಲೀಸ್ ಠಾಣೆಯಲ್ಲಿ ಅತ್ಯಾಚಾರಕ್ಕೊಳಗಾದ ಮಹಾರಾಷ್ಟ್ರದ ಆದಿವಾಸಿ ಬಾಲೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲಿ ಆರೋಪಿ ಪೊಲೀಸರನ್ನು ಬಿಡುಗಡೆ ಮಾಡಿತು. ಮೈಮೇಲೆ ಗಾಯಗಳಿಲ್ಲದಿರುವುದನ್ನೇ ಆಕೆಯ ಸಮ್ಮತಿಗೆ ಪುರಾವೆಯಂತೆ ಕಂಡ ಈ ತೀರ್ಪನ್ನು ಪ್ರಶ್ನಿಸಿ ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್, ರಘುನಾಥ ಕೇಳ್ಕರ್, ವಸುಧಾ ಧಗಂವಾರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು 1979ರಲ್ಲಿ ಬಹಿರಂಗ ಪತ್ರ ಬರೆದರು. ದೇಶದಾದ್ಯಂತ ಎದ್ದ ಪ್ರತಿಭಟನೆಯ ಫಲವಾಗಿ 1983ರಲ್ಲಿ ಕ್ರಿಮಿನಲ್ ಕಾನೂನಿಗೆ ತಿದ್ದುಪಡಿಯಾಯಿತು. ಆದರೂ ಸಂತ್ರಸ್ತೆಯ ಚಾರಿತ್ರ್ಯವನ್ನೇ ಕೆದಕಿ ಆಕೆಯ ಸಾಕ್ಷ್ಯವನ್ನು ಅಲ್ಲಗಳೆಯಲು ಅವಕಾಶ ಕೊಟ್ಟಿದ್ದ ಸಾಕ್ಷ್ಯ ಕಾಯ್ದೆಯ ಉಪವಿಧಿ 2002ರ ತಿದ್ದುಪಡಿಯವರೆಗೂ ಉಳಿದಿತ್ತು. ಆಯಿಶಾ(ರ)ರ ಮೇಲಿನ ಸುಳ್ಳಾರೋಪದ ಹಿನ್ನೆಲೆಯಲ್ಲಿ ಅವತೀರ್ಣವಾದ ಅನ್ನೂರ್ ಅಧ್ಯಾಯದ ಸೂಕ್ತಗಳನ್ನು ಓದುವ ನಾವು, ಹೆಣ್ಣಿನ ಶೀಲದ ಬಗ್ಗೆ ಪುರಾವೆಯಿಲ್ಲದೆ ಮಾತನಾಡುವುದು ಎಷ್ಟು ದೊಡ್ಡ ಅಪರಾಧವೆಂಬುದನ್ನು ಬಲ್ಲೆವು.

ನಮ್ಮ ರಾಜ್ಯದ ಉದಾಹರಣೆಯೂ ಇದೆ. 2020ರ ಜೂನ್‌ನಲ್ಲಿ ಅತ್ಯಾಚಾರ ಆರೋಪಿಯೊಬ್ಬನಿಗೆ ನಿರೀಕ್ಷಣಾ ಜಾಮೀನು ನೀಡುವಾಗ ಕರ್ನಾಟಕ ಹೈಕೋರ್ಟ್, ಘಟನೆಯ ಬಳಿಕ ದಣಿದು ನಿದ್ರಿಸಿದೆನೆಂಬ ದೂರುದಾರಳ ಹೇಳಿಕೆ ಭಾರತೀಯ ನಾರಿಗೆ ತಕ್ಕುದಲ್ಲವೆಂಬರ್ಥದ ಮಾತನ್ನು ಆದೇಶದಲ್ಲಿ ಬರೆಯಿತು. ವ್ಯಾಪಕ ಆಕ್ಷೇಪದ ಬಳಿಕ ಆ ಸಾಲುಗಳನ್ನು ಜುಲೈನಲ್ಲಿ ತೆಗೆದುಹಾಕಲಾಯಿತು. ಅದೇ ವರ್ಷ ಮಧ್ಯಪ್ರದೇಶ ಹೈಕೋರ್ಟ್ ಲೈಂಗಿಕ ಕಿರುಕುಳದ ಆರೋಪಿಯೊಬ್ಬ ಸಂತ್ರಸ್ತೆಯಿಂದ ರಾಖಿ ಕಟ್ಟಿಸಿಕೊಳ್ಳಬೇಕೆಂಬ ಷರತ್ತಿನ ಮೇಲೆ ಜಾಮೀನು ನೀಡಿತ್ತು. ಅಪರ್ಣಾ ಭಟ್ ಮತ್ತಿತರ ವಕೀಲೆಯರು ಇದನ್ನು ಪ್ರಶ್ನಿಸಿದಾಗ, 2021ರ ಮಾರ್ಚ್ 18ರಂದು ಸುಪ್ರೀಂ ಕೋರ್ಟ್ ಆ ಷರತ್ತನ್ನು ರದ್ದುಪಡಿಸಿತು. ತೀರ್ಪು ಬರೆದವರು ಮೈಸೂರಿನಲ್ಲಿ ಜನಿಸಿದ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್. ಮಹಿಳೆಯ ಉಡುಪು, ನಡವಳಿಕೆಗಳ ಕುರಿತ ಟೀಕೆ ಆದೇಶಗಳಲ್ಲಿ ಇರಕೂಡದು, ಸಂತ್ರಸ್ತೆ ಹಾಗೂ ಆರೋಪಿಯ ನಡುವೆ ರಾಜಿ ಅಥವಾ ಮದುವೆಯನ್ನು ನ್ಯಾಯಾಲಯ ಸೂಚಿಸಕೂಡದು, ನ್ಯಾಯಾಧೀಶರ ತರಬೇತಿಯಲ್ಲಿ ಲಿಂಗ ಸಂವೇದನೆಯ ಪಾಠ ಇರಬೇಕು ಎಂದು ಅದು ನಿರ್ದೇಶಿಸಿತು. 2023ರ ಆಗಸ್ಟ್‌ನಲ್ಲಿ ಲಿಂಗಾಧಾರಿತ ಸಿದ್ಧ ಕಲ್ಪನೆಗಳನ್ನು ಎದುರಿಸುವ ಕೈಪಿಡಿಯನ್ನೇ ಸುಪ್ರೀಂ ಕೋರ್ಟ್ ಹೊರತಂದು, ತೀರ್ಪುಗಳಲ್ಲಿ ಬಳಸಬಾರದ ಪದಗಳನ್ನೂ ಅವುಗಳ ಬದಲಿಗೆ ಬಳಸಬಹುದಾದವನ್ನೂ ಪಟ್ಟಿಮಾಡಿತು.

ಮರುವರ್ಷ ನಾವು ಆರಂಭದಲ್ಲಿ ಹೇಳಿದ ಎರಡೂ ಅಳುಕುಗಳು ಒಟ್ಟಿಗೇ ಎದುರಾದವು. ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು ವಿಚಾರಣೆಯ ವೇಳೆ ಬೆಂಗಳೂರಿನ ಮುಸ್ಲಿಮ್ ಬಹುಸಂಖ್ಯಾತ ಪ್ರದೇಶವೊಂದನ್ನು ಪಾಕಿಸ್ತಾನವೆಂದು ಕರೆದದ್ದೂ, ವಕೀಲೆಯೊಬ್ಬರ ಬಗ್ಗೆ ಅನುಚಿತವಾಗಿ ಮಾತನಾಡಿದ್ದೂ ವೀಡಿಯೊಗಳಲ್ಲಿ ಹರಡಿದವು. 2024ರ ಸೆಪ್ಟೆಂಬರ್ 20ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಇದನ್ನು ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡಿತು. ನ್ಯಾಯಮೂರ್ತಿಯವರು ತೆರೆದ ನ್ಯಾಯಾಲಯದಲ್ಲಿ ವಿಷಾದ ವ್ಯಕ್ತಪಡಿಸಿದ ಮೇಲೆ, 25ರಂದು ಪೀಠ ಪ್ರಕರಣವನ್ನು ಮುಗಿಸಿತು. ದೇಶದ ಯಾವ ಭಾಗವನ್ನೂ ಹಾಗೆ ಕರೆಯಲಾಗದೆಂದೂ, ಒಂದು ಲಿಂಗ ಅಥವಾ ಸಮುದಾಯದ ಕುರಿತ ಹಗುರ ಮಾತು ವೈಯಕ್ತಿಕ ಪಕ್ಷಪಾತವನ್ನು ಸೂಚಿಸಬಹುದೆಂದೂ ಅದು ಎಚ್ಚರಿಸಿತು. ಉದಯಗಿರಿಯ ಹೆಸರು ಹೇಳಿದೊಡನೆ ಕೇಳುವವರ ಮುಖಭಾವ ಬದಲಾಗುವುದನ್ನು ಕಂಡ ನಮಗೆ ಈ ಎಚ್ಚರಿಕೆಯ ಬೆಲೆ ತಿಳಿದಿದೆ.

ಅದೇ ವರ್ಷದ ಜುಲೈ 10ರಂದು, ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ, ವಿಚ್ಛೇದಿತ ಮುಸ್ಲಿಮ್ ಮಹಿಳೆಗೂ ದಂಡ ಪ್ರಕ್ರಿಯಾ ಸಂಹಿತೆಯ 125ನೇ ವಿಧಿಯಡಿ ಜೀವನಾಂಶ ಕೇಳುವ ಹಕ್ಕಿದೆಯೆಂದು ತೀರ್ಪಿತ್ತಿತು. ಈ ತೀರ್ಪಿನ ಬಗ್ಗೆ ಸಮುದಾಯದಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ವಿಚ್ಛೇದಿತೆಗೆ ಮರ್ಯಾದೆಯಿಂದ ಜೀವನ ಸೌಕರ್ಯ ನೀಡಬೇಕೆಂದು ಕುರ್‌ಆನ್ ಅಲ್ ಬಕರಃ ಅಧ್ಯಾಯದ 241ನೇ ಸೂಕ್ತದಲ್ಲಿ ಭಕ್ತರಿಗೆ ಹೊಣೆ ಹೊರಿಸಿದೆ. ಆ ಹೊಣೆಯನ್ನು ನಾವೇ ನೆರವೇರಿಸುತ್ತಿದ್ದರೆ ಎಷ್ಟು ಸಹೋದರಿಯರಿಗೆ ಕೋರ್ಟಿನ ದಾರಿ ತಪ್ಪುತ್ತಿತ್ತು ಎಂಬುದನ್ನು ಯೋಚಿಸಬೇಕಾಗಿದೆ.

ನ್ಯಾಯಾಧೀಶರಿಗೆ ತರಬೇತಿ ಬೇಕೆಂದು ಹೇಳುವ ನಾವು ನಮ್ಮ ಮೊಹಲ್ಲಾದ ಪಂಚಾಯಿತಿಗಳನ್ನೂ ಅದೇ ಅಳತೆಗೋಲಿನಿಂದ ಅಳೆಯಬೇಕು. ದಂಪತಿಗಳ ಜಗಳ ಜಮಾಅತ್ ಸಮಿತಿಯ ಮುಂದೆ ಬಂದಾಗ ಪತ್ನಿಯ ಮಾತನ್ನು ಆಕೆಯ ಬಾಯಿಂದಲೇ ಕೇಳಲಾಗುತ್ತಿದೆಯೇ? ಅಥವಾ ಆಕೆಯ ತಂದೆ, ಸಹೋದರರ ಮಾತಿಗಷ್ಟೇ ಸೀಮಿತವಾಗುತ್ತಿದೆಯೇ? ಹೊಂದಿಕೊಂಡು ಹೋಗು ಎಂಬ ಬುದ್ಧಿವಾದ ಯಾವಾಗಲೂ ಒಬ್ಬರಿಗೇ ಸಲ್ಲುತ್ತಿದೆಯೇ? ಸ್ವಂತದವರ ವಿರುದ್ಧವಾದರೂ ನ್ಯಾಯದ ಪರ ಸಾಕ್ಷಿ ನಿಲ್ಲಬೇಕೆಂಬ ಅನ್ನಿಸಾ ಅಧ್ಯಾಯದ 135ನೇ ಸೂಕ್ತದ ಆದೇಶ ಆ ಸಮಿತಿಗಳಿಗೂ ಅನ್ವಯಿಸುತ್ತದೆ.

ಕೊನೆಯದಾಗಿ, ಪ್ರತಿಯೊಂದು ಮನೆಯೂ ತಿಳಿದಿರಬೇಕಾದ ಒಂದು ಸಂಗತಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ವಿಧಿಯಂತೆ ಮಹಿಳೆಯರು, ಅವರ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿಗೆ ಅರ್ಹರು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಅರ್ಜಿ ಸಲ್ಲಿಸಿ ವಕೀಲರನ್ನು ಪಡೆಯಬಹುದು. 15100 ಸಹಾಯವಾಣಿಗೂ ಕರೆ ಮಾಡಬಹುದು. ನಮ್ಮ ಹೆಣ್ಣುಮಕ್ಕಳಿಗೆ ಈ ಮಾಹಿತಿಯನ್ನು ತಲುಪಿಸೋಣ, ಕಾನೂನು ಓದಲು ಬಯಸುವವರಿಗೆ ಬೆಂಬಲವಾಗಿ ನಿಲ್ಲೋಣ. ಖೌಲಾ(ರ)ರಂತೆ ತಮ್ಮ ಅಹವಾಲನ್ನು ನಿರ್ಭಯವಾಗಿ ಮಂಡಿಸುವ ಧೈರ್ಯವನ್ನು ಅವರಿಗೂ, ಅದನ್ನು ಆಲಿಸುವ ಸೌಜನ್ಯವನ್ನು ನಮಗೂ ಅಲ್ಲಾಹನು ಕರುಣಿಸಲಿ.